ನೋಡುವ ಕಣ್ಣು ಹತ್ತು, ದುಡಿಯುವ ಕೈ ಎರಡು

ಜುಲೈ ತಿಂಗಳ ಒಂದು ಬೆಳಗು. ಐದೂವರೆ ಗಂಟೆ. ಕಾರವಾರದಲ್ಲಿ ರಾತ್ರಿಯಿಡೀ ಹೊಡೆದ ಮಳೆ ಇನ್ನೂ ನಿಂತಿರಲಿಲ್ಲ. ಅಡುಗೆಮನೆಯಲ್ಲಿ ಕಟ್ಟಿದ ಹಗ್ಗದ ಮೇಲೆ ಎರಡು ಜೊತೆ ಯೂನಿಫಾರ್ಮ್ ನೇತಾಡುತ್ತಿದ್ದವು. ಹಿಂದಿನ ದಿನ ಸಂಜೆಯಿಂದ ಫ್ಯಾನ್ ಹಾಕಿಟ್ಟಿದ್ದರೂ ಕಾಲರು, ಸೊಂಟದ ಪಟ್ಟಿ, ಜೇಬಿನ ಅಂಚು ತಣ್ಣಗೇ ಇದ್ದವು. ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಒದ್ದೆ ಇದ್ದಲ್ಲೆಲ್ಲ ಒತ್ತಿದೆ. ಹಬೆ ಎದ್ದಿತು, ಜೊತೆಗೆ ಮಳೆಗಾಲದ ಬಟ್ಟೆಯ ಆ ಮುಗ್ಗಲು ವಾಸನೆ. ಒಂದು ಕೈ ಇಸ್ತ್ರಿಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಪ್ರಶ್ನೆ ಶುರುವಾಗಿತ್ತು. "ಇವತ್ತು ರಜೆನಾ?" "ಗೊತ್ತಿಲ್ಲ." "ಅಂಕೋಲಾಕ್ಕೆ ಕೊಟ್ಟಿದ್ದಾರಂತೆ." "ಅದು ಹಳೇ ಮೆಸೇಜು, ತಾರೀಕು ನೋಡಿ."

ರಜೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಎರಡಕ್ಕೂ ತಯಾರಿರಬೇಕು. ದೋಸೆ ಹೊಯ್ದೆ, ಎರಡು ಡಬ್ಬಿ ತುಂಬಿದೆ, ಸಣ್ಣವಳಿಗೆ ಜಡೆ ಹಾಕಿದೆ, ಒಣಗಲೆಂದು ಶೂ ಒಳಗೆ ತುರುಕಿದ್ದ ಪೇಪರು ತೆಗೆದೆ. ಏಳು ಗಂಟೆ ದಾಟಿದ ಮೇಲೆ ರಜೆಯ ಸುದ್ದಿ ಬಂತು. ಮಕ್ಕಳು ಕುಣಿದರು. ನಾನು ಒಲೆ ಮುಂದೆ ನಿಂತುಬಿಟ್ಟೆ. ಇವತ್ತು ಮನೆಯಲ್ಲಿ ಇರೋದು ಯಾರು? ನನ್ನ ರಜೆ ಎಷ್ಟು ಉಳಿದಿದೆ? ಹೋದ ವಾರ ಇವರು ಹಾಕಿದ್ದರು, ಈ ಸಲ ನಾನೇ ಹಾಕಬೇಕಲ್ಲ? ಇದಕ್ಕೆ ಬದಲಾಗಿ ಯಾವ ಶನಿವಾರ ಮಧ್ಯಾಹ್ನ ತರಗತಿ ಇಡುತ್ತಾರೋ? ಆ ಶನಿವಾರ ಶಿರಸಿಗೆ ಹೋಗಿ ಅಪ್ಪನನ್ನು ಡಾಕ್ಟರಿಗೆ ತೋರಿಸುವುದಿತ್ತಲ್ಲ? ಕಣ್ಣಲ್ಲಿ ನೀರು ಬಂದುಬಿಟ್ಟಿತು. ಸಣ್ಣವಳು ಹತ್ತಿರ ಬಂದು ಕೇಳಿದಳು, "ಆಯಿ, ರಜೆ ಸಿಕ್ಕಿದ್ದಕ್ಕೆ ಅಳ್ತಾ ಇದ್ಯಾ?"

ಮಳೆ ಜೋರಿದ್ದಾಗ ರಜೆ ಕೊಡಲೇಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿಹಾಕಿದ್ದನ್ನು ನೋಡಿದ ಮೇಲೆ, ಈ ಕರಾವಳಿಯ ಯಾವ ತಂದೆತಾಯಿಯೂ ರೆಡ್ ಅಲರ್ಟ್ ದಿನ ಮಗುವನ್ನು ನಿಶ್ಚಿಂತೆಯಿಂದ ಕಳಿಸಲಾರರು. ನಾನು ಹೇಳಬೇಕೆಂದಿರುವುದು ಆ ಕಣ್ಣೀರಿನ ಬಗ್ಗೆ. ಅದು ಒಂದು ದಿನದ ಮಳೆಗೆ ಬಂದದ್ದಲ್ಲ. ಆಮೇಲೆ ಗೊತ್ತಾಗಿದ್ದೇನೆಂದರೆ, ಆ ಗುಂಪಿನಲ್ಲಿದ್ದ ಎಷ್ಟೋ ಮನೆಗಳಲ್ಲಿ ಅದೇ ಕಣ್ಣೀರಿದೆ. ಕೆಲವರಲ್ಲಿ ಅದು ಸಿಟ್ಟಾಗಿ ಬರುತ್ತದೆ, ಕೆಲವರಲ್ಲಿ ಮೌನವಾಗಿ.

ಇದಕ್ಕೆ ನಮ್ಮಲ್ಲಿ ಒಂದೇ ಹೆಸರಿಲ್ಲ. "ಸಾಕಾಗಿ ಹೋಗಿದೆ" ಅನ್ನುತ್ತೇವೆ, "ಜೀವ ಹಣ್ಣಾಗಿದೆ" ಅನ್ನುತ್ತೇವೆ. ಈಗೀಗ ಎಲ್ಲರ ಬಾಯಲ್ಲೂ ಬರುವ ಬರ್ನ್‌ಔಟ್ ಅನ್ನುವ ಶಬ್ದವನ್ನು ಈ ಅರ್ಥದಲ್ಲಿ 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಬಡವರ ಉಚಿತ ದವಾಖಾನೆಯಲ್ಲಿ ದುಡಿದು ದುಡಿದು ಒಳಗಿಂದ ಖಾಲಿಯಾದ ಸ್ವಯಂಸೇವಕರನ್ನು ನೋಡಿ ಅವರು ಹಾಗೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಏನೆಂದು ವಿವರಿಸಿತು. ಆದರೆ ಇದು ಉದ್ಯೋಗದ ಜಾಗಕ್ಕೆ ಮಾತ್ರ, ಬದುಕಿನ ಬೇರೆ ಕಡೆಗೆ ಅನ್ವಯಿಸಬೇಡಿ ಎಂದೂ ಹೇಳಿತು. ಅಂದರೆ ಆಫೀಸಿನಲ್ಲಿ ಸೋತರೆ ಅದಕ್ಕೊಂದು ಹೆಸರಿದೆ. ಮನೆಯಲ್ಲಿ, ಮಕ್ಕಳ ನಡುವೆ ಸೋತರೆ ಅಧಿಕೃತವಾಗಿ ಹೆಸರೂ ಇಲ್ಲ.

ಆ ಕೊರತೆ ತುಂಬಲು ಹೊರಟವರು ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಇಸಾಬೆಲ್ ರೋಸ್ಕಮ್ ಮತ್ತು ಮೊಯಿರಾ ಮಿಕೊಲಾಯ್‌ಚಾಕ್. ತಂದೆತಾಯಿಯರ ಬಳಲಿಕೆಯನ್ನು ಅಳೆಯಲು 2018ರಲ್ಲಿ ಅವರು 23 ಪ್ರಶ್ನೆಗಳ ಒಂದು ಮಾಪನ ಕೊಟ್ಟರು. ಅದರಲ್ಲಿ ನಾಲ್ಕು ಗುರುತುಗಳಿವೆ. ಮೊದಲನೆಯದು ತಂದೆ ಅಥವಾ ತಾಯಿಯಾಗಿ ಮಾಡುವ ಕೆಲಸದಲ್ಲೇ ಬರುವ ವಿಪರೀತ ಆಯಾಸ. ಬೆಳಿಗ್ಗೆ ಏಳುವಾಗಲೇ ಇನ್ನೊಂದು ದಿನ ಇದೆಯಲ್ಲ ಅನ್ನಿಸುವುದು. ಎರಡನೆಯದು "ನಾನು ಮೊದಲು ಹೀಗಿರಲಿಲ್ಲ" ಅನ್ನುವ ಕೊರಗು. ಮೂರನೆಯದು ಈ ಪಾತ್ರವೇ ಬೇಡವಾಗುವಷ್ಟು ಬೇಸರ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವಂಥದ್ದು: ಮಗುವಿಂದ ಮನಸ್ಸು ದೂರ ಸರಿಯುವುದು. ಊಟ ಹಾಕುತ್ತೇವೆ, ಬಟ್ಟೆ ಒಗೆಯುತ್ತೇವೆ, ಹೋಮ್‌ವರ್ಕ್ ಮಾಡಿಸುತ್ತೇವೆ. ಮಗು ಶಾಲೆಯಲ್ಲಿ ಆದದ್ದನ್ನು ಹೇಳುತ್ತಾ ಕೂತರೆ ಮಾತ್ರ ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಸುಸ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಸುಸ್ತಾದರೆ ಎರಡು ದಿನ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಇದು ಬರೀ ಮನಸ್ಸಿನ ಕಲ್ಪನೆಯೂ ಅಲ್ಲ. ಅದೇ ತಂಡ ಇಂಥ ತಂದೆತಾಯಿಯರ ಕೂದಲನ್ನು ಪರೀಕ್ಷಿಸಿದಾಗ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ದೇಹ ತಿಂಗಳುಗಟ್ಟಲೆ ಲೆಕ್ಕ ಇಟ್ಟಿರುತ್ತದೆ.

ಯಾಕೆ ಹೀಗಾಗುತ್ತದೆ ಅಂದರೆ ಒಂದೇ ಕಾರಣ ಸಿಗುವುದಿಲ್ಲ. ಆ ಸಂಶೋಧಕರು ಕೊಡುವ ಹೋಲಿಕೆ ತಕ್ಕಡಿಯದು. ಒಂದು ತಟ್ಟೆಯಲ್ಲಿ ಭಾರ, ಇನ್ನೊಂದರಲ್ಲಿ ಆಸರೆ. ಭಾರ ಜಾಸ್ತಿಯಾಗಿ, ಆಸರೆ ಕಡಿಮೆಯಾಗಿ, ಹಾಗೇ ಬಹಳ ಕಾಲ ಉಳಿದರೆ ಮನುಷ್ಯ ಸೋಲುತ್ತಾನೆ. 2021ರಲ್ಲಿ ಪ್ರಕಟವಾದ ಅವರ ದೊಡ್ಡ ಅಧ್ಯಯನ 42 ದೇಶಗಳ 17,409 ತಂದೆತಾಯಿಯರದು. ಅದರಲ್ಲಿ ಗೊತ್ತಾದದ್ದು ಕುತೂಹಲದ ವಿಷಯ. ಮಕ್ಕಳು ಎಷ್ಟು, ಅವರ ವಯಸ್ಸೆಷ್ಟು, ಅವರ ಜೊತೆ ಕಳೆಯುವ ಗಂಟೆ ಎಷ್ಟು, ದೇಶದಲ್ಲಿ ಬಡವ ಬಲ್ಲಿದರ ಅಂತರ ಎಷ್ಟು, ಇವೆಲ್ಲಕ್ಕಿಂತ ಹೆಚ್ಚಾಗಿ ಬರ್ನ್‌ಔಟ್ ಜೊತೆ ತಳುಕು ಹಾಕಿಕೊಂಡಿದ್ದು "ಅವರವರ ಬದುಕು ಅವರವರಿಗೆ" ಅನ್ನುವ ಸಂಸ್ಕೃತಿ. ಒಂಟಿಯಾಗಿ ಮಕ್ಕಳನ್ನು ಬೆಳೆಸುವ ಸಮಾಜಗಳಲ್ಲಿ ಬರ್ನ್‌ಔಟ್ ಹೆಚ್ಚು.

ಇದನ್ನು ಓದಿದ ತಕ್ಷಣ ನಮ್ಮ ಕಡೆಯವರು ಹೇಳುವ ಮಾತು ನನಗೆ ಗೊತ್ತು. ಹಾಗಾದರೆ ನಮಗೇನು ಭಯ? ನಮ್ಮದು ಬಂಧುಬಳಗದ ಊರು. ಅಜ್ಜ ಅಜ್ಜಿ ಇದ್ದಾರೆ, ಅಕ್ಕಪಕ್ಕದವರಿದ್ದಾರೆ. ಬರ್ನ್‌ಔಟ್ ಅನ್ನೋದು ಬೆಂಗಳೂರಿನ ಫ್ಲ್ಯಾಟಿನವರ ಕಾಯಿಲೆ.

ನಾನು ಒಪ್ಪುವುದಿಲ್ಲ. ಉತ್ತರ ಕನ್ನಡದಲ್ಲಿ ನಡೆದಿರುವುದು ಬೇರೆ ರೀತಿಯದು. ಜನ ಇದ್ದಾರೆ. ಭಾರ ಹಂಚಿಕೊಳ್ಳುವ ರೀತಿ ಮಾತ್ರ ಹೋಗಿಬಿಟ್ಟಿದೆ. ನೋಡುವ ಕಣ್ಣುಗಳು ಉಳಿದಿವೆ, ಹಿಡಿಯುವ ಕೈಗಳು ಹೋಗಿವೆ.

ಬಾಣಂತನವನ್ನೇ ನೋಡಿ. ನನ್ನ ದೊಡ್ಡ ಮಗ ಹುಟ್ಟಿದಾಗ ತವರಿನಲ್ಲಿ ನಾಲ್ಕು ತಿಂಗಳಿದ್ದೆ. ಎಣ್ಣೆ ಹಚ್ಚಿ ಮೀಯಿಸುವುದಕ್ಕೆ ಒಬ್ಬರು, ತೊಟ್ಟಿಲು ತೂಗುವುದಕ್ಕೆ ಒಬ್ಬರು, ನನಗೆ ಕಷಾಯ ಕಾಸುವುದಕ್ಕೆ ಇನ್ನೊಬ್ಬರು. ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಜ್ಜಿ, ಎಲ್ಲರಿಗೂ ಏನು ಮಾಡಬೇಕು ಅಂತ ಗೊತ್ತಿತ್ತು. ಕೂಸು ಊರಿನದಾಗಿತ್ತು. ಅದೇ ಕೂಸು ಶಾಲೆಗೆ ಸೇರಿದ ದಿನದಿಂದ ನನ್ನೊಬ್ಬಳದಾಯಿತು. ಯಾರಿಗೂ ಪ್ರೀತಿ ಕಡಿಮೆಯಾಗಲಿಲ್ಲ. ಅವರಿಗೆ ಗೊತ್ತಿದ್ದ ವಿದ್ಯೆಗೆ ಅಲ್ಲಿಂದ ಮುಂದೆ ಕೆಲಸ ಇರಲಿಲ್ಲ, ಅಷ್ಟೆ. ಅಮ್ಮನಿಗೆ ಕೂಸಿನ ಹೊಟ್ಟೆನೋವು ಮುಖ ನೋಡಿಯೇ ಗೊತ್ತಾಗುತ್ತದೆ. ಇಂಗ್ಲಿಷ್ ಮೀಡಿಯಂ ಮೂರನೇ ತರಗತಿಯ ಪರಿಸರ ವಿಜ್ಞಾನದ ವರ್ಕ್‌ಶೀಟ್ ಗೊತ್ತಾಗುವುದಿಲ್ಲ. "ಅದೆಲ್ಲ ನಂಗೆ ಗೊತ್ತಾಗೋದಿಲ್ಲ, ನೀನೇ ನೋಡು" ಎಂದು ಪುಸ್ತಕವನ್ನು ನನ್ನ ಕೈಗೆ ಕೊಡುತ್ತಾಳೆ. ಪಾಪ, ಅವಳಿಗೂ ಬೇಜಾರೇ.

ಈ ಜಿಲ್ಲೆಯಲ್ಲಿ ಭಾಷೆಯ ತೊಡಕು ಇನ್ನೂ ಜಾಸ್ತಿ. ಮನೆಯಲ್ಲಿ ಕೊಂಕಣಿ, ಹವ್ಯಕ, ನವಾಯತಿ, ಮರಾಠಿ. ಬೀದಿಯಲ್ಲಿ ಕನ್ನಡ. ಪುಸ್ತಕದಲ್ಲಿ ಇಂಗ್ಲಿಷ್. ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿತು. ಜನ ಕೇಳಿದರು, ಕೊಟ್ಟರು. ತಪ್ಪೇನಿಲ್ಲ. ಆದರೆ ಮನೆಯಲ್ಲಿ ಓದಿಸುವವರು ಯಾರು ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಪಕ್ಕದ ಮನೆಯವಳು ಕನ್ನಡ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ಗಂಡ ಬೆಳಗಿನ ರೈಲಿಗೆ ಗೋವಾಕ್ಕೆ ಹೋದರೆ ರಾತ್ರಿಯೇ ಮನೆ. ಮಗನ ಪ್ರಶ್ನೆಗಳನ್ನು ಅವಳು ಫೋನಿನಲ್ಲಿ ಫೋಟೋ ತೆಗೆದು ಕನ್ನಡಕ್ಕೆ ತಿರುಗಿಸಿ, ಅರ್ಥ ಮಾಡಿಕೊಂಡು, ಮತ್ತೆ ಅವನಿಗೆ ಕೊಂಕಣಿಯಲ್ಲಿ ಹೇಳುತ್ತಾಳೆ. ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಅವಳು ಒಮ್ಮೆ ಹೇಳಿದಳು, "ಅಕ್ಕ, ಪಾಠ ಕಷ್ಟ ಅಲ್ಲ. ಮಗನ ಎದುರಿಗೆ ನಂಗೆ ಬರೋದಿಲ್ಲ ಅಂತ ದಿನಾ ಗೊತ್ತಾಗ್ತದಲ್ಲ, ಅದು ಕಷ್ಟ."

ಆ ಮಾತಿನಲ್ಲಿ ಬರ್ನ್‌ಔಟ್‌ನ ಬೇರು ಇದೆ ಅಂತ ನನಗೆ ಅನ್ನಿಸುತ್ತದೆ. ಕೆಲಸ ಎಷ್ಟೇ ಇದ್ದರೂ, ನನ್ನಿಂದ ಆಗುತ್ತದೆ ಅನ್ನುವ ಧೈರ್ಯ ಇದ್ದರೆ ಮನುಷ್ಯ ಎಳೆಯುತ್ತಾನೆ. ಆ ಧೈರ್ಯ ದಿನಾ ಸಂಜೆ ಸ್ವಲ್ಪ ಸ್ವಲ್ಪ ಕರಗಿದರೆ ಎಳೆಯಲಾಗುವುದಿಲ್ಲ.

ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ತೋಟದ ಮನೆಯಲ್ಲಿ ನನ್ನ ದೊಡ್ಡಪ್ಪನ ಮಗಳಿದ್ದಾಳೆ. ಮನೆಯಲ್ಲಿ ಏಳು ಜನ. ಹೊರಗಿನಿಂದ ನೋಡಿದರೆ ಇವಳಿಗೇನು ಕಷ್ಟ ಅನ್ನಿಸುತ್ತದೆ. ಕಳೆದ ಸಲ ಹೋದಾಗ ಸಂಜೆ ಅವಳು ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬಚ್ಚಲ ಒಲೆಯ ಮುಂದೆ ಕೂತಿದ್ದಳು. ಒಣ ಸೋಗೆ ಮುರಿದು ಒಂದೊಂದೇ ಒಲೆಗೆ ಹಾಕುತ್ತಿದ್ದಳು. ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಕಾದು ಎಷ್ಟೋ ಹೊತ್ತಾಗಿತ್ತು. "ಎಂತಕ್ಕೆ ಇಲ್ಲಿ ಕೂತಿದ್ದೆ?" ಅಂದೆ. "ಇಲ್ಲಿದ್ರೆ ಯಾರೂ ಕರೀತ್ವಿಲ್ಲೆ. ನೀರು ಕಾಯಿಸ್ತಾ ಇದ್ದು ಅಂದ್ಕತ್ತ" ಅಂದಳು. ಆಮೇಲೆ ಬೆಂಕಿ ನೋಡುತ್ತಲೇ ಅಂದಳು, "ಸಾಕಾಗಿ ಹೋತು ತಂಗಿ."

ಅವಳ ಅತ್ತೆ ಒಳ್ಳೆಯವರು. ಮಾವ ಮಕ್ಕಳನ್ನು ಮುದ್ದು ಮಾಡುತ್ತಾರೆ. ಆದರೆ ಮಗಳ ಅಂಕ ಕಡಿಮೆಯಾದರೆ ಏಳು ಜನರಲ್ಲಿ ಕೇಳುವುದು ಅವಳನ್ನೇ. ಮಗ ಮೊಬೈಲ್ ಹಿಡಿದರೆ ಅವಳನ್ನೇ. ಕೊನೆಯ ಬಸ್ಸು ತಪ್ಪಿದರೆ ಕತ್ತಲೆಯಲ್ಲಿ ಸ್ಕೂಟಿ ತೆಗೆದುಕೊಂಡು ಹೋಗುವುದೂ ಅವಳೇ. ಚೌತಿಗೆ ಬಂದ ನೆಂಟರು ಚಕ್ಕುಲಿ ತಿನ್ನುತ್ತಾ "ಮಗಳಿಗೆ ಎಷ್ಟು ಬಿತ್ತು?" ಎಂದು ವಿಚಾರಿಸುತ್ತಾರೆ. ಕೂಡು ಕುಟುಂಬದ ಮೇಲ್ವಿಚಾರಣೆ ಇದೆ, ಕೂಡು ಕುಟುಂಬದ ಕೈ ಇಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂಟಿಯಾಗಿರುವವಳಿಗೆ ಕೊನೇ ಪಕ್ಷ ಹತ್ತು ಜನರ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಇರುವುದಿಲ್ಲ.

ಮನೆಯ ಒಳಗಿನ ಲೆಕ್ಕವನ್ನು ಸರ್ಕಾರವೂ ಹಾಕಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಮನೆಯವರ ಆರೈಕೆಗೆ ಹೆಂಗಸರದು 137 ನಿಮಿಷ, ಗಂಡಸರದು 75. ಈ ಅಂಕಿ ನೋಡಿ ಯಾರಿಗೂ ಆಶ್ಚರ್ಯವಾಗಲಿಕ್ಕಿಲ್ಲ. ಆದರೆ ನಿಮಿಷದಲ್ಲಿ ಅಳೆಯಲಾಗದ ಒಂದು ಕೆಲಸ ಇದೆ. ಅದು ನೆನಪಿಟ್ಟುಕೊಳ್ಳುವ ಕೆಲಸ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡೇಮಿಂಗರ್ 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಇದನ್ನು ಬಿಡಿಸಿ ಬರೆದರು. ಮನೆಯ ತಲೆಕೆಲಸದಲ್ಲಿ ನಾಲ್ಕು ಹಂತ ಇದೆಯಂತೆ. ಮುಂದೆ ಏನು ಬೇಕಾಗುತ್ತದೆ ಎಂದು ಮೊದಲೇ ಊಹಿಸುವುದು, ಅದಕ್ಕೆ ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ನೋಡುತ್ತಿರುವುದು. ತೀರ್ಮಾನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಇರುತ್ತಾರೆ. ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಡತಿಯ ತಲೆಗೇ ಬೀಳುತ್ತದೆ. ಇದನ್ನು ಓದಿದಾಗ ನನಗೆ ನಮ್ಮನೆಯ ಮಳೆಗಾಲವೇ ನೆನಪಾಯಿತು. ಮಗನ ರೇನ್‌ಕೋಟ್ ಗಿಡ್ಡವಾಗಿದೆ ಎಂದು ಮೇ ತಿಂಗಳಲ್ಲೇ ಹೊಳೆಯಬೇಕಾದದ್ದು ನನಗೆ. ಯಾವುದು ತರೋಣ ಎಂದು ಇಬ್ಬರೂ ಕೂತು ಮಾತಾಡುತ್ತೇವೆ. ತಂದ ಮೇಲೆ ಅದನ್ನು ಶಾಲೆಯಲ್ಲಿ ಬಿಟ್ಟು ಬಂದನಾ ಎಂದು ದಿನಾ ಸಂಜೆ ನೋಡುವುದು ಮತ್ತೆ ನಾನು. ಇವರು ಕೆಲಸಗಳ್ಳರಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಾರೆ. ಹೇಳಬೇಕಾಗಿರುವುದೇ ಒಂದು ಕೆಲಸ ಅನ್ನುವುದು ಇಬ್ಬರಿಗೂ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಫೋನು ಬಂದ ಮೇಲೆ ಆ ತಲೆಕೆಲಸಕ್ಕೆ ಹೊತ್ತುಗೊತ್ತು ಇಲ್ಲ. ಮೊದಲೆಲ್ಲ ಶಾಲೆ ಅಂದರೆ ಶಾಲೆ, ಮನೆ ಅಂದರೆ ಮನೆ. ಈಗ ರಾತ್ರಿ ಒಂಬತ್ತಕ್ಕೆ ಮೆಸೇಜು ಬರುತ್ತದೆ: ನಾಳೆ ಐದು ಬಗೆಯ ಎಲೆ ಅಂಟಿಸಿದ ಚಾರ್ಟ್ ತರಬೇಕು. ಹೊರಗೆ ಧೋ ಎಂದು ಮಳೆ. ಚಾರ್ಟ್ ಪೇಪರು ಸಿಗುವ ಅಂಗಡಿ ಬಾಗಿಲು ಹಾಕಿದೆ. ಇಷ್ಟು ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ, ಹಾಗಾಗಿ ಚಾರ್ಟು ತಾಯಿಯದು. ಇದರಲ್ಲಿ ಶಿಕ್ಷಕಿಯರನ್ನು ದೂರಿ ಫಲ ಇಲ್ಲ. ಅವರಿಗೂ ಮೇಲಿನಿಂದ ಅಷ್ಟೇ ತಡವಾಗಿ ಬಂದಿರುತ್ತದೆ, ಅವರೂ ಎಷ್ಟೋ ಜನ ತಾಯಂದಿರೇ. ನಿಯಮಗಳೂ ಒಂದೇ ಸಮ ಇರುವುದಿಲ್ಲ. 2024ರಲ್ಲಿ ಐದು, ಎಂಟು, ಒಂಬತ್ತನೇ ತರಗತಿಯ ಮೌಲ್ಯಾಂಕನ ಪರೀಕ್ಷೆ ಇದೆಯೋ ಇಲ್ಲವೋ ಎಂದು ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋಯಿತು. ಪರೀಕ್ಷೆ ಬರೆದಾದ ಮೇಲೆ ಫಲಿತಾಂಶಕ್ಕೆ ತಡೆ ಬಂತು. ಹತ್ತು ವರ್ಷದ ಮಗುವಿಗೆ "ಓದು" ಅನ್ನಬೇಕೋ "ಬಿಡು" ಅನ್ನಬೇಕೋ ತಿಳಿಯದೆ ಮನೆಗಳು ಒದ್ದಾಡಿದವು.

ಇನ್ನು ದುಡ್ಡಿನ ವಿಷಯ. ಇಲ್ಲಿಯ ದುಡ್ಡಿಗೂ ಶಾಲೆಯ ಕ್ಯಾಲೆಂಡರಿಗೂ ಹೊಂದಿಕೆಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಬೇಕು. ಆದರೆ ಶಾಲೆ ಬಾಗಿಲು ತೆಗೆಯುವುದೂ ಆಗಲೇ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತ ವಾರವೇ ಫೀ, ಪುಸ್ತಕ, ಯೂನಿಫಾರ್ಮು, ಶೂ, ಕೊಡೆ, ವ್ಯಾನಿನ ಮುಂಗಡ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೂ ಆ ಎರಡು ತಿಂಗಳು ವ್ಯಾಪಾರ ಕಡಿಮೆ. ಸಾಲ ಅಲ್ಲಿ ಶುರುವಾಗುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಬರುವ ದುಡ್ಡು ಆ ಸಾಲಕ್ಕೇ ಹೋಗುತ್ತದೆ.

ಘಟ್ಟದ ಮೇಲೆಯೂ ಅದೇ ಕಥೆ, ಬೆಳೆ ಬೇರೆ. ಅಡಿಕೆಯ ದುಡ್ಡು ಕೊಯ್ಲಾಗಿ, ಒಣಗಿ, ವಖಾರಿಗೆ ಹೋದ ಮೇಲೆ. ಜೂನಿನಲ್ಲಿ ರೈತನ ಕೈಯಲ್ಲಿರುವುದು ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಸುವ ಖರ್ಚು. ಮಳೆ ಬಿಡುವು ಕೊಡದಿದ್ದರೆ ಔಷಧವೂ ಹೊಡೆಯಲಾಗುವುದಿಲ್ಲ, ಕಾಯಿ ಉದುರುತ್ತದೆ. ಉದುರುವ ಕಾಯಿ ನೋಡುತ್ತಾ ಮಗಳ ಫೀ ಕಂತಿನ ತಾರೀಕು ಎಣಿಸುವ ಅಪ್ಪ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಬರ್ನ್‌ಔಟ್ ತಾಯಂದಿರದು ಮಾತ್ರ ಎಂದು ನಾನು ಹೇಳುವುದಿಲ್ಲ. ಗಂಡಸರು ಅದನ್ನು ಹೇಳುವುದಿಲ್ಲ, ಅಷ್ಟೆ. ಅವರಿಗೆ ಅಳುವುದಕ್ಕೆ ಬಚ್ಚಲ ಒಲೆಯೂ ಇಲ್ಲ.

ದೂರದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಜಿಲ್ಲೆಯ ಆಯಾಸದಲ್ಲಿ ಅರ್ಧ ದೂರದ್ದು. ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ಜಿಲ್ಲೆ, ಬಹುಪಾಲು ಕಾಡು. ಒಳಗಿನ ಹಳ್ಳಿಯಿಂದ ಪ್ರೌಢಶಾಲೆಗೆ ಹೋಗಬೇಕೆಂದರೆ ಒಂದು ಬಸ್ಸು. ಅದು ಬಂದರೆ ಬಂತು. ಹಳ್ಳ ತುಂಬಿದರೆ ಕಾಲುಸಂಕದ ಆಚೆ ಮಗು, ಈಚೆ ತಾಯಿ. ಹಾಗಾಗಿ ಎಷ್ಟೋ ಮನೆಯವರು ಶಿರಸಿ ಪೇಟೆಯಲ್ಲಿ ಒಂದು ಬಾಡಿಗೆ ಮನೆ ಮಾಡುತ್ತಾರೆ. ತಾಯಿ ಮಕ್ಕಳು ಪೇಟೆಯಲ್ಲಿ, ಅಪ್ಪ ಮತ್ತು ಅಜ್ಜ ಅಜ್ಜಿ ತೋಟದಲ್ಲಿ. ಒಂದು ಸಂಸಾರಕ್ಕೆ ಎರಡು ಒಲೆ, ಎರಡು ಗ್ಯಾಸು, ಎರಡು ಚಿಂತೆ. ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಅಲ್ಲಿಯ ಕೆಲಸ ಮುಗಿಸಿ ಭಾನುವಾರ ಸಂಜೆ ಮರಳುವ ತಾಯಿಗೆ ವಾರದ ರಜೆ ಅನ್ನುವುದು ಇಲ್ಲ.

ಕರಾವಳಿಯಲ್ಲಿ ದೂರ ಕಡಿಮೆ, ಭಯ ಜಾಸ್ತಿ. 2024ರ ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ನಡುರಾತ್ರಿ ದಾಟಿದ ಹೊತ್ತು, ಹಾಗಾಗಿ ಶಾಲೆಯ ವ್ಯಾನುಗಳು ಅದರ ಮೇಲಿರಲಿಲ್ಲ. ಸದಾಶಿವಗಡ ಕಡೆಯಿಂದ ಕಾರವಾರಕ್ಕೆ ಮಕ್ಕಳನ್ನು ಕಳಿಸುವ ಎಷ್ಟೋ ತಾಯಂದಿರು ಬೆಳಗಾದ ಮೇಲೆ ಅದನ್ನೇ ಯೋಚಿಸುತ್ತಾ ನಡುಗಿದರು. ಶಿರೂರಿನ ಗುಡ್ಡ, ಆಮೇಲೆ ಮೂರೇ ವಾರಕ್ಕೆ ಸೇತುವೆ. ಆ ವರ್ಷದಿಂದ ವ್ಯಾನು ಹತ್ತು ನಿಮಿಷ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಈ ಹೊಡೆದುಕೊಳ್ಳುವುದೂ ತಕ್ಕಡಿಯ ಭಾರವೇ, ಯಾರೂ ಲೆಕ್ಕಕ್ಕೆ ಹಿಡಿಯದಿದ್ದರೂ.

ಎಲ್ಲಕ್ಕೂ ಹಿಂದೆ ನಿಂತಿರುವ ಇನ್ನೊಂದು ಹೆದರಿಕೆ, ಇಲ್ಲೇ ಉಳಿದರೆ ಮಕ್ಕಳಿಗೆ ಏನಿದೆ ಅನ್ನುವುದು. ಒಳ್ಳೆ ಆಸ್ಪತ್ರೆ ಬೇಕಾದರೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ನೌಕರಿ ಬೇಕಾದರೆ ಬೆಂಗಳೂರು. ನೀಟ್, ಜೆಇಇ ತಯಾರಿಗೆ ದಕ್ಷಿಣ ಕನ್ನಡದ ಹಾಸ್ಟೆಲ್. ಹೊರಗೆ ಹೋಗುವ ಬಾಗಿಲು ಒಂದೇ, ಅದು ಅಂಕಪಟ್ಟಿ ಎಂದು ಎಲ್ಲರೂ ನಂಬಿದ್ದೇವೆ. ಐದನೇ ತರಗತಿಯ ಗಣಿತದ ಕಿರುಪರೀಕ್ಷೆಯಲ್ಲಿ ಹನ್ನೆರಡು ಬಂದರೆ ನಮಗೆ ಕಾಣುವುದು ಹನ್ನೆರಡಲ್ಲ, ಇಪ್ಪತ್ತು ವರ್ಷದ ನಂತರದ ಮಗುವಿನ ಬದುಕು. ಅದಕ್ಕೇ ಅಷ್ಟು ಕೂಗುತ್ತೇವೆ.

ಇದು ನಮ್ಮೊಬ್ಬರದೇ ಅಲ್ಲ. ಮಂಡ್ಯದ ಹಲ್ಲೇಗೆರೆಯ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2024ರ ಆಗಸ್ಟಿನಲ್ಲಿ ತಂದೆತಾಯಿಯರ ಒತ್ತಡದ ಬಗ್ಗೆಯೇ ಒಂದು ಎಚ್ಚರಿಕೆಯ ವರದಿ ತಂದರು. ಹೆಚ್ಚಿನ ದಿನಗಳಲ್ಲಿ ಒತ್ತಡ ತಡೆಯಲಾಗದಷ್ಟು ಆಗುತ್ತದೆ ಎಂದು ಹೇಳಿದ ತಂದೆತಾಯಿಯರು 48 ಶೇಕಡಾ, ಉಳಿದ ವಯಸ್ಕರಲ್ಲಿ 26 ಶೇಕಡಾ. ತಂಬಾಕು, ಮದ್ಯದಂಥ ವಿಷಯಗಳ ಸಾಲಿಗೆ ಒಬ್ಬ ದೊಡ್ಡ ವೈದ್ಯಾಧಿಕಾರಿ ಮಕ್ಕಳ ಸಾಕಣೆಯ ಒತ್ತಡವನ್ನು ತಂದಿಟ್ಟದ್ದೇ ಒಂದು ಸಮಾಧಾನ. ಇದು ವೈಯಕ್ತಿಕ ಸೋಲಲ್ಲ, ಸಾರ್ವಜನಿಕ ಆರೋಗ್ಯದ ವಿಷಯ ಎಂದು ಯಾರೋ ಒಬ್ಬರು ಗಟ್ಟಿಯಾಗಿ ಹೇಳಿದ ಹಾಗಾಯಿತು.

ಹಾಗೆ ಹೇಳಬೇಕಾಗಿದೆ, ಯಾಕೆಂದರೆ ಇದರ ಪೆಟ್ಟು ಕೊನೆಗೆ ಬೀಳುವುದು ಮಗುವಿನ ಮೇಲೆ. ಬೆಲ್ಜಿಯಂನ ಅದೇ ಸಂಶೋಧಕರು ತೋರಿಸಿದ ಹಾಗೆ, ಬರ್ನ್‌ಔಟ್ ಜಾಸ್ತಿಯಾದಂತೆ ಮಗುವನ್ನು ಕಡೆಗಣಿಸುವುದು, ಬೈಯುವುದು, ಹೊಡೆಯುವುದು ಜಾಸ್ತಿಯಾಗುತ್ತದೆ. ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಅನ್ನುವ ಯೋಚನೆಯೂ, ಸಾಯುವ ಯೋಚನೆಯೂ ಬರುತ್ತವೆ. ಅಲ್ಲಿವರೆಗೆ ಹೋದವರಿಗೆ ಸಮಾಧಾನದ ಮಾತು ಸಾಲದು. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ಹಗಲು ರಾತ್ರಿ, ದುಡ್ಡಿಲ್ಲದೆ. 2022ರ ಅಕ್ಟೋಬರಿನಿಂದ ಇದೆ. ಹೆಸರು ಹೇಳಲು ನಾಚಿಕೆಯಾದರೆ ಹೇಳಬೇಕೆಂದಿಲ್ಲ.

ಉಳಿದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ "ನಿಮಗಾಗಿ ಸ್ವಲ್ಪ ಸಮಯ ತೆಗೆದಿಡಿ, ಯೋಗ ಮಾಡಿ". ಯೋಗ ಒಳ್ಳೆಯದೇ. ಆದರೆ ತುಂಬಿದ ತಟ್ಟೆಯ ಮೇಲೆ ಯೋಗವನ್ನೂ ಇಟ್ಟರೆ ಅದೂ ಇನ್ನೊಂದು ಭಾರ. ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಭಾರ ಇಳಿಸುವುದು. ಶಾಲೆಯವರು ಸಂಜೆ ಆರರ ನಂತರ ಮರುದಿನದ ಸಾಮಾನು ಕೇಳದಿದ್ದರೆ ಒಂದು ಖರ್ಚೂ ಇಲ್ಲದೆ ನೂರಾರು ಮನೆಗಳ ರಾತ್ರಿ ಹಗುರವಾಗುತ್ತದೆ. ಫೀ ಕಂತನ್ನು ಜೂನಿನ ಬದಲು ಸೆಪ್ಟೆಂಬರಿಗೂ ಜನವರಿಗೂ ಒಯ್ದರೆ ಬಂದರಿನ ಮನೆಗೂ ತೋಟದ ಮನೆಗೂ ಉಸಿರು ಬರುತ್ತದೆ. ಗಂಡಸರು "ಏನು ಸಹಾಯ ಮಾಡಲಿ?" ಎಂದು ಕೇಳುವುದು ಬಿಟ್ಟು, ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ತಮ್ಮದಾಗಿ ಹಿಡಿಯಬೇಕು. ನಮ್ಮನೆಯಲ್ಲಿ ಈಗ ಶೂ, ಚೀಲ, ರೇನ್‌ಕೋಟು, ವ್ಯಾನು ಇವೆಲ್ಲ ಇವರದು. ಊಹಿಸುವುದೂ ಇವರೇ, ಮರೆತರೆ ಓಡುವುದೂ ಇವರೇ. ಮೊದಲ ತಿಂಗಳು ಎರಡು ಸಲ ಮರೆತರು. ನಾನು ಬಾಯಿ ಹಾಕಲಿಲ್ಲ. ಸುಮ್ನೆ ಇರುವುದು ನನಗೆ ಬಹಳ ಕಷ್ಟವಾಯಿತು, ಆದರೆ ಇದ್ದೆ.

ಉಳಿದದ್ದಕ್ಕೆ ನಮ್ಮಲ್ಲೇ ಹಳೇ ದಾರಿ ಇದೆ. ನಮ್ಮ ಕಡೆ ಚೌತಿ ಬಂತೆಂದರೆ ಚಕ್ಕುಲಿ ಕಂಬಳ. ಇವತ್ತು ನಿಮ್ಮನೆ, ನಾಳೆ ನಮ್ಮನೆ. ಊರವರೆಲ್ಲ ಸೇರಿ ಕೈಯಲ್ಲಿ ಚಕ್ಕುಲಿ ಸುತ್ತುತ್ತಾರೆ, ಡಬ್ಬ ತುಂಬುತ್ತಾರೆ. ಗದ್ದೆಗೆ ಮುಯ್ಯಾಳು ಇತ್ತು. ನೀನು ನನ್ನ ನೆಟ್ಟಿಗೆ ಬಾ, ನಾನು ನಿನ್ನ ನೆಟ್ಟಿಗೆ ಬರುತ್ತೇನೆ. ಅದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುವುದಿಲ್ಲ, ಹಾಗಾಗಿ ಕೇಳಲು ಸಂಕೋಚವೂ ಇಲ್ಲ. ಶಾಲೆಯ ಕೆಲಸಕ್ಕೆ ಮಾತ್ರ ನಾವು ಮುಯ್ಯಾಳು ಕಟ್ಟಲೇ ಇಲ್ಲ. ಹೊಸ ಕೆಲಸ ಬಂತು, ಹಳೇ ಪದ್ಧತಿ ಅದರ ಹತ್ತಿರ ಹೋಗಲಿಲ್ಲ.

ಆ ಜುಲೈ ಬೆಳಗಿನ ನಂತರ ನಮ್ಮ ಓಣಿಯ ಮೂರು ಮನೆಯವರು ಕೂತು ಮಾತಾಡಿದೆವು. ಮಳೆ ರಜೆ ಬಂದರೆ ಐದೂ ಮಕ್ಕಳು ಒಂದೇ ಮನೆಗೆ. ಆ ದಿನ ಆ ಮನೆಯಲ್ಲಿ ಒಬ್ಬರು ಮಾತ್ರ ರಜೆ ಹಾಕುವುದು. ಉಳಿದವರು ಕೆಲಸಕ್ಕೆ. ಪಾಳಿ ಕ್ಯಾಲೆಂಡರಿನ ಮೇಲೆ ಬರೆದಿದೆ. ಪಕ್ಕದ ಮನೆಯವಳ ಮಗ ನನ್ನ ಹತ್ತಿರ ಇಂಗ್ಲಿಷ್ ಓದುತ್ತಾನೆ, ನನ್ನ ಮಕ್ಕಳಿಗೆ ಅವಳು ಸಂಜೆಯ ತಿಂಡಿ ಕೊಡುತ್ತಾಳೆ. ಅವಳ ಅತ್ತೆಗೆ ವರ್ಕ್‌ಶೀಟ್ ಓದಲು ಬರುವುದಿಲ್ಲ. ಆದರೆ ಐದು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕೊಂಕಣಿಯಲ್ಲಿ ಕಥೆ ಹೇಳುವುದಕ್ಕೆ ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಬಹಳ ವರ್ಷಗಳ ನಂತರ ಅವರಿಗೆ ಮತ್ತೆ ಕೆಲಸ ಸಿಕ್ಕಿದೆ.

ಮೊನ್ನೆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ರಜೆಯ ಮೆಸೇಜು ಬಂತು. ಕ್ಯಾಲೆಂಡರ್ ನೋಡಿದೆ, ಪಕ್ಕದ ಮನೆಯ ಪಾಳಿ. ತುಂಬಿದ ಎರಡು ಡಬ್ಬಿಯನ್ನು ಹಾಗೇ ಮಕ್ಕಳ ಕೈಗೆ ಕೊಟ್ಟು, ಕೊಡೆ ಹಿಡಿದು ಗೇಟು ದಾಟಿಸಿ ಬಂದೆ. ಆಫೀಸಿಗೆ ಇನ್ನೂ ಹೊತ್ತಿತ್ತು. ಒಂದು ಲೋಟ ಚಹಾ ಮಾಡಿಕೊಂಡು, ಹಗ್ಗದ ಮೇಲಿನ ಯೂನಿಫಾರ್ಮು ಒಣಗಲಿ ಬಿಡು ಎಂದು, ಕಿಟಕಿ ಹತ್ತಿರ ಕೂತೆ.